ಸೊನ್ನೆ ಬೈಟು

ಸೊಹಾರಿನ ಆಚೆ, ಕಡಲನ್ನು ಕುಡಿಯುವ ನೀರು ಮಾಡುವ ಕಾರ್ಖಾನೆ.
ಜುಲೈ. ರಾತ್ರಿ ಒಂದೂವರೆಗೆ ಎರಡನೇ ಚಿಲ್ಲರ್
ಕೆಮ್ಮಿತು, ಗೊಣಗಿತು, ನಿಂತಿತು.
ಸರ್ವರ್ ಕೋಣೆಯ ಗಾಜು ಹೊರಮೈಯಲ್ಲಿ ಬೆವರುತ್ತಿತ್ತು.

ಬುಸೈನಾಗೆ ಕೆಲಸದ ಮೂರನೇ ರಾತ್ರಿ.
ಯಾರನ್ನು ಕೇಳೋದು, ಅಂದಳು.
ಯಂತ್ರವನ್ನೇ, ಅಂದೆ.

ಇದರೊಳಗೆ ಪ್ರಾಕ್ ಅಂತ ಒಂದು ಊರು. ಡಿಸ್ಕಿನಲ್ಲಿ ಹುಡುಕಿದರೆ ಸಿಗದು.
ಅಲ್ಲಿ ಸಿಪಿಯುಇನ್ಫೋ ಅನ್ನುವ ಕಡತ.
ತೂಗಿ ನೋಡಿದಳು: ಸೊನ್ನೆ ಬೈಟು.
ಖಾಲಿ.
ತೆರೆದು ನೋಡು, ಅಂದೆ.
ಪರದೆ ಹಿಡಿಸಲಾರದಷ್ಟು ಸುರಿಯಿತು.

ನಮ್ಮ ಸೀಮೆಯಲ್ಲಿ ಒಬ್ಬ ಶಾನುಭೋಗರಿದ್ದರಂತೆ,
ಲೆಕ್ಕದ ಪುಸ್ತಕವನ್ನೇ ಇಟ್ಟವರಲ್ಲ.
ಕೇಳಿದವನನ್ನು ಜಗಲಿಯಲ್ಲಿ ಕೂರಿಸಿ
ಹೋಗಿ ಅಳೆದು ಬಂದು, ಈ ಗಳಿಗೆಗೆ ಇಷ್ಟು, ಅನ್ನುತ್ತಿದ್ದರು.
ಕರ್ನಲ್ಲೂ ಆ ಪೈಕಿ.
ಕೇಳಿದಾಗ ಬರೆಯುತ್ತದೆ. ಓದಿ ಮುಗಿದರೆ
ಶಾಯಿಯೂ ಇಲ್ಲ, ಹಾಳೆಯೂ ಇಲ್ಲ.

ಅವಳು ಬೆರಳಿಟ್ಟು ಓದುತ್ತ ಹೋದಳು.
ತಯಾರಕ, ಮಾದರಿ, ಫ್ಯಾಮಿಲಿ: ಆರು.
ನನಗೆ ನಗು ಬಂತು. ಹೆಂಡತಿ, ಎರಡು ಮಕ್ಕಳಿದ್ದೂ
ನನ್ನ ಬಾಡಿಗೆ ಕರಾರಿನಲ್ಲಿ ನಾನು ಬ್ಯಾಚುಲರ್.
ಬೊಗೊಮಿಪ್ಸ್: ನಾಲ್ಕು ಸಾವಿರದ ಏಳುನೂರ ಎಂಬತ್ತೆಂಟು.
ಇದೇನು?
ವೇಗದ ಲೆಕ್ಕ, ನಂಬಬೇಡ. ನಮ್ಮ ಭಾಷೆಯಲ್ಲಿ ಬೊಗಳೆ.
ತನ್ನ ಬೊಗಳೆಗೆ ಬೊಗಳೆ ಅಂತಲೇ ಹೆಸರಿಟ್ಟ ಗುಮಾಸ್ತನನ್ನು
ಹದಿನೆಂಟು ವರ್ಷದಲ್ಲಿ, ಯಾವ ಕೌಂಟರಿನಲ್ಲೂ ಕಂಡಿಲ್ಲ.

ಸಿಸ್ ಅನ್ನುವ ಇನ್ನೊಂದು ಊರಿನಲ್ಲಿ ಕಾವಿನ ಕಡತ.
ತೊಂಬತ್ತೊಂದು ಸಾವಿರ!
ಹೆದರಬೇಡ, ಸಾವಿರದಿಂದ ಭಾಗಿಸು,
ನಿಮ್ಮ ರಿಯಾಲಿಗೆ ಬೈಸಾ ಇದ್ದ ಹಾಗೆ.
ಆದರೂ ಹೆದರಿದಳು. ಹೆದರಬೇಕಾದದ್ದೇ.
ಚಿಪ್ಪು ಆಗಲೇ ನಡಿಗೆ ನಿಧಾನ ಮಾಡಿತ್ತು, ಯಾರ ಅಪ್ಪಣೆಗೂ ಕಾಯದೆ.
ಸುಟ್ಟುಹೋಗುವುದಕ್ಕಿಂತ ತಡವಾಗುವುದು ಲೇಸು,
ಮರಳಿನಿಂದ ಹುಟ್ಟಿದ್ದಕ್ಕೆ ಅಷ್ಟು ಗೊತ್ತು.

ಮೇಲೆ ತಾರಸಿಯಲ್ಲಿ ಮೊಫಿಜುಲ್ ಸ್ಪ್ಯಾನರು ಬೀಳಿಸಿದ ಸದ್ದು.

ಓದಲು ಎಲ್ಲರಿಗೂ ಬಿಟ್ಟಿದೆ; ಬರೆಯಲು ರೂಟಿಗೆ ಮಾತ್ರ.
ರೂಟಿನ ಗುಟ್ಟು ಲಕೋಟೆಯೊಳಗೆ, ಲಕೋಟೆ ಕಪಾಟಿನೊಳಗೆ,
ಕೀಲಿ ಸುಲೈಯಿಮ್ ಸಾಹೇಬರ ನಿದ್ದೆಯೊಳಗೆ.
ಆರನೇ ಸಲ ಫೋನೆತ್ತಿದರು. ಡ್ರೈವರನ ಕೈಯಲ್ಲಿ ಕೀಲಿ ಬಂತು.

ಹದಿನೈದನೆಯ ಕೋರು. ಆನ್‌ಲೈನ್ ಅನ್ನುವ ಕಡತದಲ್ಲಿ
ಒಂದೇ ಅಂಕೆ ಇತ್ತು: ಒಂದು.
ಸೊನ್ನೆ ಬರೆ, ಅಂದೆ. ಬರೆದಳು.
ಅದು ಕೈಯಲ್ಲಿದ್ದ ಕೆಲಸವನ್ನು ಪಕ್ಕದವರಿಗೆ ಒಪ್ಪಿಸಿ
ದೀಪವಾರಿಸಿ ಮಲಗಿತು.
ಹದಿನಾಲ್ಕು, ಹದಿಮೂರು… ನಾಲ್ಕರ ತನಕ.
ಪಂಪುಗಳ ಲೆಕ್ಕಕ್ಕೆ ಉಳಿದ ನಾಲ್ಕೇ ಸಾಕು.

ಸೊನ್ನೆಯನೆಯದಕ್ಕೆ ಆ ಕಡತವೇ ಇಲ್ಲವಲ್ಲ, ಅಂದಳು.
ಇಲ್ಲ. ಮನೆಯಲ್ಲಿ ಮೊದಲು ಎದ್ದವರನ್ನು
ಮಲಗು ಅಂತ ಯಾರು ಹೇಳುತ್ತಾರೆ?
ಅವಳು ಏನೂ ಅನ್ನಲಿಲ್ಲ. ತಾಯಿಯ ನೆನಪಾಗಿರಬೇಕು, ಅಥವಾ ನಿದ್ದೆ.

ಎಂಬತ್ತನಾಲ್ಕು ಸಾವಿರ. ಎಪ್ಪತ್ತೊಂಬತ್ತು.

ನಾಲ್ಕು ಗಂಟೆಗೆ ಚಿಲ್ಲರ್ ಉಸಿರೆಳೆಯಿತು.
ಮೊಫಿಜುಲ್ ಇಳಿದು ಬಂದ, ಅಂಗಿಯ ಮೇಲೆ ಉಪ್ಪಿನ ನಕಾಶೆ.
ನಡುಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಬಾರದು ಅಂತ ಕಾನೂನಿದೆ;
ರಾತ್ರಿಯ ತಾರಸಿಯ ಬಗ್ಗೆ ಅದು ಏನೂ ಹೇಳುವುದಿಲ್ಲ.
ಅವನ ಮೈಕಾವಿಗೆ ಯಾವ ಊರಲ್ಲೂ ಕಡತವಿಲ್ಲ.

ಹೇಗಿದ್ದೀಯ, ಅಂದೆ. ಠೀಕ್, ಅಂದ.
ಸೊನ್ನೆ ಬೈಟು.
ಬುಸೈನಾ ನೀರು ಕೊಟ್ಟು, ಕುರ್ಚಿ ಎಳೆದು, ಇನ್ನೊಮ್ಮೆ ಕೇಳಿದಳು.

ಅವನು ಹೇಳುತ್ತಲೇ ಇದ್ದ.
ನಾನು ನಾಲ್ಕರಿಂದ ಹಿಡಿದು
ಒಂದೊಂದಕ್ಕೂ ಒಂದು ಅಂತ ಬರೆಯುತ್ತ
ಎಲ್ಲೋ ಒಂಬತ್ತರ ಹತ್ತಿರ ಲೆಕ್ಕ ತಪ್ಪಿದೆ.