ಮಾದರಿ ಕಳುಹಿಸುತ್ತಿದ್ದೇನೆ

ಮಾನ್ಯ ಸರ್,
ತಮ್ಮ ಉತ್ತರ ತಲುಪಿತು. ಎರಡೇ ಸಾಲು.
ಈ ವರ್ಷ ಪಿಎಚ್‌.ಡಿ.ಗೆ ಜಾಗವಿಲ್ಲ.
ಕಾಳಿ ಅಳಿವೆಯ ಬಳಚು ನಲವತ್ತು ಕಳುಹಿಸಲಾದೀತೆ?

ಆದೀತು.

ಇಪ್ಪತ್ತಾರು ಪತ್ರ ಬರೆದವಳು ನಾನು.
ಹೈದರಾಬಾದಿನವರು ನೆಟ್ ಆಯಿತೇ ಎಂದರು,
ಆಗಿದೆ ಎಂದರೆ ಫೆಲೋಶಿಪ್ ಬಂತೇ ಎಂದರು.
ಪುಣೆಯವರೊಬ್ಬರು ಜುಲೈಯಲ್ಲಿ ಬರೆಯಿರಿ ಎಂದರು;
ಜುಲೈಯಲ್ಲಿ ಅವರೇ ನಿವೃತ್ತರು.
ಜರ್ಮನಿಯ ಒಬ್ಬಾಕೆ ಮಾತ್ರ
ನನ್ನ ಹೆಸರು ತಪ್ಪಿಲ್ಲದೆ ಬರೆದು ಕ್ಷಮಿಸಿ ಎಂದಳು.
ಉಳಿದವರದು ಮೌನ.
ಅದಕ್ಕೂ ಪಟ್ಟಿಯಲ್ಲೊಂದು ಕಾಲಂ ಇಟ್ಟಿದ್ದೇನೆ.

ನಿನ್ನೆ ಅಮಾವಾಸ್ಯೆ. ಇಂದು ಆರು ಗಂಟೆಗೇ ಇಳಿತ.
ಕೋಡಿಬಾಗದಲ್ಲಿ ಮೊಣಕಾಲು ನೀರು.
ಚಂದ್ರಭಾಗಿ ಮಾವಶಿ ಕಾಲ್ಬೆರಳಲ್ಲಿ ಕೆಸರು ತಡಕಿ
ಬಗ್ಗದೆ, ಇಲ್ಲಿ, ಅನ್ನುತ್ತಾಳೆ.
ಬಗ್ಗುವುದು ನಾನು.
ಇಷ್ಟು ಸಣ್ಣದು ಸಾರಿಗೆ ಬರೋದಿಲ್ಲ, ಬಿಡು.
ಸಾರಿಗಲ್ಲ ಮಾವಶಿ, ಓದಲಿಕ್ಕೆ.
ಬಳಚು ಓದಲಿಕ್ಕೆ ಹೋಗ್ತದಾ? ನಕ್ಕಳು.
ಹೌದು. ಸೀಟು ಅದಕ್ಕೆ ಸಿಕ್ಕಿದೆ.

ಸರ್, ತಮ್ಮ ಲೇಖನದಲ್ಲಿ ಒಂದು ಸಂಗತಿ ಇಲ್ಲ.
ತಮ್ಮ ತೊಟ್ಟಿಯಲ್ಲಿ ಉಪ್ಪು ದಿನಕ್ಕಿಷ್ಟೆಂದು ಇಳಿಯುತ್ತದೆ.
ಇಲ್ಲಿ ಕದ್ರಾದ ಗೇಟು ತೆಗೆದರೆ
ಒಂದೇ ರಾತ್ರಿಗೆ ಅಳಿವೆಯೆಲ್ಲ ಸಪ್ಪೆ.
ಬಳಚು ಚಿಪ್ಪು ಕಚ್ಚಿ ಕೂರುತ್ತದೆ.
ನನ್ನ ಬಕೆಟ್ಟಿನ ಸಿಹಿನೀರಲ್ಲಿ ಮೂರು
ಹನ್ನೊಂದು ದಿನ ಕೂತವು.
ಹನ್ನೆರಡನೇ ದಿನ ಒಂದು ಬಾಯಿ ಬಿಟ್ಟಿತು.
ಮುಟ್ಟಿದೆ. ಮುಚ್ಚಿಕೊಂಡಿತು!
ಆ ಹನ್ನೊಂದು ದಿನ ಒಳಗೆ ಯಾವ ಜೀನು ಎದ್ದಿತು,
ಯಾವುದು ಮಲಗಿತು,
ತಿಳಿಯುವ ಯಂತ್ರ ನಮ್ಮಲ್ಲಿಲ್ಲ.
ನಮ್ಮಲ್ಲಿರುವುದು ಬಕೆಟ್ಟು, ಮತ್ತು ಕದ್ರಾ.

ತಮಗೆ ಬೇಕಾದ ಡಿಎನ್‌ಎ ಸ್ಪಿರಿಟ್ಟಿನಲ್ಲಿ ಬರುತ್ತದೆ.
ನನ್ನ ಪ್ರಶ್ನೆಗೆ ಬೇಕಾದ ಆರ್‌ಎನ್‌ಎ ಹಾಗೆ ಬಾರದು,
ಅದಕ್ಕೆ ಬಳಚು ಜೀವಂತ ಬೇಕು,
ದಾರಿಯುದ್ದಕ್ಕೂ ನೀರು ಬದಲಿಸುತ್ತ
ಯಾರಾದರೂ ಜೊತೆಗೆ ಬರಬೇಕು.

ಬೈತಖೋಲದ ಥರ್ಮಾಕೋಲ್ ಪೆಟ್ಟಿಗೆ. ಮೂರು ಸಲ ತೊಳೆದೆ,
ಬಂಗಡೆ ವಾಸನೆ ಹೋಗಲಿಲ್ಲ.
ಕೊಳವೆಯ ಚೀಟಿಗಳು ಪೆನ್ಸಿಲ್ಲಿನವು
(ಶಾಯಿ ಸ್ಪಿರಿಟ್ಟಿಗೆ ಕರಗುತ್ತದೆ, ಅಷ್ಟು ಗೊತ್ತು):
ದಿನ, ಜಾಗ, ಉಪ್ಪಿನಂಶ,
ಬಳಚು, ತಿಸರೆ, ಮೆರೆಟ್ರಿಕ್ಸ್ ಎಂದು ಮೂರೂ ಹೆಸರು,
ಸಂಗ್ರಹಿಸಿದವರು ಚಂದ್ರಭಾಗಿ ತಾಂಡೇಲ.
ಕೊನೆಯದನ್ನು ಅಚ್ಚಿನಲ್ಲಿ ಬಿಡಬೇಡಿ.
ಕೃತಜ್ಞತೆಯ ಪುಟದಲ್ಲಿ ಬೇಡ,
ವಿಧಾನ ಎಂದು ಬರೆಯುತ್ತೀರಲ್ಲ, ಅಲ್ಲಿ.

ನಲವತ್ತೊಂದನೇ ಕೊಳವೆಯಲ್ಲಿ ಬರೀ ಸ್ಪಿರಿಟ್ಟು.
ಕಂಟ್ರೋಲ್.
ಅದರ ಚೀಟಿಯಲ್ಲಿ ನನ್ನ ಫೋನ್ ನಂಬರಿದೆ.

ಇಂತಿ,
ಸುಲಭಾ

ಪೆಟ್ಟಿಗೆ ಮಾತ್ರ ಮರಳಿಸಿ ಸರ್,
ಆಗಸ್ಟಿಗೆ ದೋಣಿ ಇಳಿಯುತ್ತದೆ,
ಮಾವಶಿಯ ಮಗನಿಗೆ ಬೇಕಂತೆ.