ಕೆಟಲಿನೊಳಗಿನ ಬಿಳಿ

ಪೋಸ್ಟ್‌ಮಾಸ್ಬರ್ಗಿನ ಆಚೆ ಒಂದು ತಗಡಿನ ಶೆಡ್ಡು.
ಅಲ್ಲಿ ನನಗೆ ಸಂಬಳ, ಕಲ್ಲು ತೊಳೆಯುವುದಕ್ಕೆ.
ನೆಲದೊಳಗಿಂದ ಕೊರೆದು ತೆಗೆದ ಉದ್ದನೆಯ ಕಲ್ಲುಗಳು
ಪೆಟ್ಟಿಗೆಯಲ್ಲಿ ಸಾಲಾಗಿ,
ಕಬ್ಬಿನ ಜಲ್ಲೆ ಮುರಿದು ಜೋಡಿಸಿದ ಹಾಗೆ.
ಮೇಲಿನ ಪೆಟ್ಟಿಗೆ ಕೆಂಪು, ನಡುವಿನದು ಕಪ್ಪು,
ಕೊನೆಯದು ಬೂದು, ಸುಕ್ಕು ಸುಕ್ಕು.
ಡಾಲಮೈಟ್ ಎಂದು ಬರೆಯುತ್ತೇವೆ,
ಆನೆಕಲ್ಲು ಎಂದು ಕರೆಯುತ್ತೇವೆ.

ಫೆಂಟರ್ ಮೇಡಂ ಅದರ ಮೇಲೆ ಆಮ್ಲದ ಹನಿ ಬಿಡುತ್ತಾಳೆ.
ಆನೆಕಲ್ಲು ಸುಮ್ಮನಿರುತ್ತದೆ. ಮೊಂಡು.
ಚಾಕುವಿನಿಂದ ಗೀಚಿ, ಪುಡಿ ಎಬ್ಬಿಸಿ, ಇನ್ನೊಂದು ಹನಿ:
ಆಗ ಸೊಯ್ಯೆಂದು ಸಣ್ಣ ನೊರೆ,
ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡಂತೆ.
"ನೋಡು ಬೊನೋಲೊ," ಎಂದಿದ್ದಳು ಮೊದಲ ವಾರ,
"ಮಳೆ ಮಾಡಿದ್ದೂ ಇದನ್ನೇ. ಅದಕ್ಕೆ ಅವಸರ ಇರಲಿಲ್ಲ."

ನೂರು ಬೊಗಸೆ ಆನೆಕಲ್ಲಿನಲ್ಲಿ
ಮ್ಯಾಂಗನೀಸು ಒಂದು ಬೊಗಸೆ, ಹೆಚ್ಚೆಂದರೆ ಎರಡು.
ಮದುವೆಮನೆಯ ಗದ್ದಲದ ಹಿಂದೆ
ಪಾತ್ರೆ ತಿಕ್ಕುವವಳ ಹಾಗೆ ಯಾರ ಕಣ್ಣಿಗೂ ಬೀಳದೆ ಇರುತ್ತದೆ.
ಮಳೆ ಬರುತ್ತದೆ, ಗಾಳಿಯ ಹುಳಿ ಕುಡಿದು.
ಬಿರುಕಿಗೆ ಇಳಿಯುತ್ತದೆ. ಬಿರುಕು ಬಿಲ,
ಬಿಲ ಗುಹೆ.
ಸುಣ್ಣ ನೀರಿನ ಸಂಗಡ ಹೋಯಿತು.
ಮೆಗ್ನೀಸಿಯಮ್ಮೂ ಹೋಯಿತು,
ಹೆಸರಿನಲ್ಲಷ್ಟೇ ನೆಂಟ.
ಹಿಂದೆ ಬಿದ್ದದ್ದು ಗಾಳಿಯ ಮುಖ ಕಂಡು ಕಪ್ಪಾಯಿತು;
ಕಪ್ಪಾದ ಮೇಲೆ ಕರಗುವುದನ್ನು ಮರೆತು
ಗುಹೆಯ ತಳದಲ್ಲಿ ಚರಟವಾಗಿ ಕೂತಿತು,
ಹಂಡೆಯ ಮಸಿ ಕೆರೆದು ಗುಡ್ಡೆ ಹಾಕಿದಂಥ
ಹಗುರ, ಮೆತ್ತನೆ ಮಣ್ಣು.
ಆಮೇಲೆ ಚಾವಣಿ ಕುಸಿಯಿತು.
ಅದರ ಮೇಲೆ ಕೆಂಪು ಬಂದು ಬಿತ್ತು.
ಭಾರ, ಕಾವು, ಇನ್ನೂರು ಕೋಟಿ ವರ್ಷ.
ಮಸಿ ಈಗ ಸುತ್ತಿಗೆಗೆ ಎದುರು ಮಾತಾಡುತ್ತದೆ.

ನಾನು ಪೆಟ್ಟಿಗೆಯ ಅಂಚಿಗೆ ಮೀಟರು ಬರೆಯುತ್ತೇನೆ:
ಮೂವತ್ತೊಂದರಿಂದ ಮೂವತ್ತೆಂಟು, ಕಪ್ಪು.
ಮೂವತ್ತೆಂಟರಿಂದ ನಲವತ್ತು, ಏನೂ ಇಲ್ಲ.
ಏನೂ ಇಲ್ಲದ ಕಡೆ ಒಂದು ಮರದ ತುಂಡು ಇಟ್ಟು
'ನಷ್ಟ' ಎಂದು ಬರೆಯಬೇಕು. ಅದು ನಿಯಮ.
ನನ್ನ ಅಕ್ಷರ ಚೆನ್ನಾಗಿದೆಯಂತೆ.

ಹೋದ ಏಪ್ರಿಲಿನಲ್ಲಿ ಚರ್ಚಿನ ಹಿಂದಿನ ಆಟದ ಬಯಲು ಇಳಿಯಿತು,
ರಾತ್ರಿ, ಒಂದು ಗೋಲುಕಂಬದ ಸಮೇತ.
ಗಣಿಯವರು ನೀರು ಎತ್ತಿದ್ದಕ್ಕೆ ಎಂದರು ಕೆಲವರು.
ಪಾದ್ರಿ ಬೇರೆ ಏನೋ ಹೇಳಿದರು.
ಫೆಂಟರ್ ಮೇಡಂ ಹಗ್ಗ ಕಟ್ಟಿಸಿ, ಮಕ್ಕಳನ್ನು ಹಿಂದೆ ಸರಿಸಿ,
ಫೋಟೊ ತೆಗೆದು ಹೋದಳು.
ಹಗ್ಗದ ಈಚೆಯಿಂದಲೇ ನಾನೂ ಕತ್ತು ಚಾಚಿದೆ:
ಕೆಂಪು ಮಣ್ಣು, ಹರಿದ ಬಲೆ, ಯಾರದೋ ಒಂಟಿ ಬೂಟು.
ಕಪ್ಪು ಇನ್ನೂ ಬಂದಿರಲಿಲ್ಲ.
ಎಷ್ಟು ಮಳೆ ಬೇಕಾದೀತು ಎಂದು ಲೆಕ್ಕ ಹಾಕುತ್ತ
ಮನೆಗೆ ನಡೆದೆ, ನಾಚಿಕೆಯಿಲ್ಲದೆ.

ಅಪ್ಪ ಗೊಪೊಲಾಂಗ್ ಇಪ್ಪತ್ತಾರು ವರ್ಷ
ಈ ಚರಟವನ್ನು ರೈಲಿಗೆ ತುಂಬಿದವನು.
ರೈಲು ಬಂದರಿಗೆ, ಬಂದರಿನಿಂದ ಹಡಗು,
ಎಲ್ಲೋ ಉಕ್ಕು ಗಟ್ಟಿಯಾಗುತ್ತದಂತೆ ಇದರಿಂದ.
ಇವನ ಕೈ ನಡುಗುತ್ತದೆ.
ಬಟ್ಟಲು ತಟ್ಟೆಗೆ ತಾಗಿ ತಾಗಿ ಚಹಾ ಚೆಲ್ಲುತ್ತದೆ.
ಡಾಕ್ಟರು ವಯಸ್ಸು ಎಂದರು.
ಅವ್ವ ಏನೂ ಅನ್ನಲಿಲ್ಲ;
ಆ ಅಂಗಿಗಳ ನೀರು ಹಿಂಡಿದವಳು ಅವಳು.

ಸಂಜೆ ಕೆಟಲಿಗೆ ವಿನೆಗರ್ ಸುರಿಯುತ್ತೇನೆ.
ನಮ್ಮೂರ ಕೊಳವೆ ಬಾವಿಯ ನೀರು ಗಡಸು,
ತಿಂಗಳಿಗೊಮ್ಮೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ.
ಹೋಯಿತು, ಹೋಯಿತು ಎಂದೆನಲ್ಲ,
ಅದು ಇಲ್ಲಿಗೆ ಬಂದಿದೆ.
ಇದಕ್ಕೆ ಯಾರೂ ಅದಿರು ಎನ್ನುವುದಿಲ್ಲ,
ರೈಲು ಕಳಿಸುವುದಿಲ್ಲ.
ಅಪ್ಪನ ಉಗುರಿನ ಸಂದಿಯ ಕಪ್ಪು,
ಕೆಟಲಿನ ಬಿಳಿ,
ಎಂದೋ ಒಂದೇ ಕಲ್ಲಾಗಿದ್ದವು
ಈ ಸಣ್ಣ ಅಡುಗೆಮನೆಯಲ್ಲಿ
ಒಂದನ್ನೊಂದು ಗುರುತು ಹಿಡಿಯದೆ.

"ಚಹಾ ಆಯಿತಾ?" ಅಪ್ಪ ಕೇಳುತ್ತಾನೆ ಹಾಸಿಗೆಯಿಂದ.
ಇರು, ಅನ್ನುತ್ತೇನೆ.
ನೊರೆ ಇನ್ನೂ ನಿಂತಿಲ್ಲ.