ಗೋಡೆ ಬುಡದ ಅಳತೆ

ಸುಣ್ಣದಕೇರಿಯ ನಮ್ಮ ಮನೆಗೂ ಕಾಂಪೌಂಡಿಗೂ ನಡುವೆ
ಮೂವತ್ತೊಂದೂವರೆ ಇಂಚು.
ಟೇಪು ಹಿಡಿದೇ ಹೇಳುತ್ತಿದ್ದೇನೆ,
ನಲವತ್ತು ವರ್ಷ ರವಿಕೆ ಹೊಲಿದವಳು
ಅಂದಾಜಿನ ಮೇಲೆ ಕತ್ತರಿ ಹಾಕುವುದಿಲ್ಲ.

ಕೃಪಾಮಣಿ ಟೀಚರ್ ಇನ್ನೊಂದು ಮಹಡಿ ಎತ್ತಿದ ವರ್ಷ
ಮಲ್ಲಿಗೆ ಬಳ್ಳಿ ಬರೀ ಎಲೆ ಬಿಟ್ಟಿತು.
ಕನಕಾಂಬರ ಸೊರಗಿತು.
ದಾಸವಾಳ ಬಿಸಿಲು ಹುಡುಕುತ್ತ ಬಾಗಿ ಬಾಗಿ
ಕೊನೆಗೆ ಬೀದಿಯವರ ಪಾಲಾಯಿತು.
ಒಂದು ಸಂಜೆ ಟೀಚರ್ ಗೇಟಿನ ಹತ್ತಿರ ನಿಂತು
"ನಿಮ್ಮ ಬಿಸಿಲು ನಾವು ತಿಂದುಬಿಟ್ವಿ, ಅಲ್ವಾ?" ಅಂದರು.
ಕೈಯಲ್ಲಿ ಒಂದು ಡಬ್ಬಿ ಕಲ್‌ಕಲ್.
ನಾನೂ ತಿಂದೆ. ಏನು ಹೇಳಲಿ.

ಉತ್ತನಹಳ್ಳಿ ರಸ್ತೆಯಲ್ಲಿ ಪೈಪಿಗೆಂದು ಜೆಸಿಬಿ ಅಗೆದಿತ್ತು.
ಮಗುಚಿದ ಮಣ್ಣಿನ ಮೇಲೆ
ಬುಡ ಮೇಲಾಗಿ ಬಿದ್ದಿದ್ದವು ಐದು ಗೆಡ್ಡೆ,
ಕಿರುಬೆರಳ ದಪ್ಪ, ಕಪ್ಪಗೆ, ಕೂದಲು ಕೂದಲು ಬೇರು.
ಎಲೆ ನೋಡಿದರೆ ತಾಳೆಯ ಕೂಸು.
ನೆಲತಾಳೆ! ನಮ್ಮಜ್ಜಿ ಗುರುತು ಹೇಳಿಕೊಟ್ಟದ್ದು,
"ಗಂಡಸರ ಔಷಧಿ ಕಣೇ" ಎಂದು
ಬಾಯಿಗೆ ಸೆರಗಿಟ್ಟು ನಕ್ಕದ್ದು.
ಊಟದ ಡಬ್ಬಿಯಲ್ಲಿ ತುಂಬಿ
ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದೆ.

ಎಲೆಗೊಬ್ಬರ, ಒಡೆದ ಹೆಂಚಿನ ಚೂರು, ಒಂದು ಹಿಡಿ ಮರಳು.
ನೀರು ನಿಂತರೆ ಕೊಳೆಯುತ್ತದೆ, ಬಿಸಿಲು ಕಾದರೆ ಸೀಯುತ್ತದೆ,
ಮಿಕ್ಕಂತೆ ಏನೂ ಕೇಳುವುದಿಲ್ಲ.

ಮಾಘಕ್ಕೆ ಎಲೆ ಒಣಗಿತು.
ಕಳೆ ಕೀಳಲು ಬಂದ ನಿಂಗರಾಜು
ಉಳಿದೆರಡು ಎಸಳನ್ನೂ ಹುಲ್ಲೆಂದು ಕಿತ್ತು, ಗುಡಿಸಿ,
"ಕಿಲೀನಾಯ್ತು ಕಣಮ್ಮ" ಅಂದ.
ದುಡ್ಡು ಕೊಟ್ಟು ಕಳಿಸಿ
ಆಮೇಲೆ ಬೈದೆ, ಗೋಡೆಗೆ.
ಗೆಡ್ಡೆ ಒಂದು ಗೇಣು ಕೆಳಗಿತ್ತೆಂಬುದು
ಅವನಿಗೆ ಗೊತ್ತಿಲ್ಲ, ನನಗೂ ಮರೆತಿತ್ತು.

ರೋಹಿಣಿ ಮಳೆ ಎರಡು ದಿನ ಹೊಡೆದ ಮೇಲೆ
ಅಕ್ಕಿ ತೊಳೆದ ನೀರು ಚೆಲ್ಲಲು ಹೋದೆ.
ಹಳದಿ.
ಯಾರದೋ ಸೀರೆಯ ಚಮಕಿ ಉದುರಿದೆ ಅಂದುಕೊಂಡೆ.
ಆರು ಎಸಳು. ಕಾಂಡವೇ ಇಲ್ಲ,
ಮಣ್ಣಿಗೆ ಗುಂಡಿ ಹೊಲಿದ ಹಾಗೆ.

ಮೊಣಕಾಲು ಮಡಚಬೇಡಿ ಎಂದಿದ್ದಾರೆ ಡಾಕ್ಟರು,
ಈ ಹೂವಿಗೆ ಅದು ತಿಳಿಯದು.
ಕೂತೆ. ಟೇಪು ಹಿಡಿದೆ. ನೆಲದಿಂದ ಮುಕ್ಕಾಲು ಇಂಚು.
ಮುಡಿಯಲು ಬರುವುದಿಲ್ಲ,
ದೇವರಿಗೆ ಏರಿಸೋಣವೆಂದರೆ ಹಿಡಿಯಲು ತೊಟ್ಟಿಲ್ಲ.
ಅದರ ಬಸಿರೂ ಮಣ್ಣೊಳಗೇ,
ಕಾಯಿ ಕಟ್ಟುವುದು ಯಾರ ಕಣ್ಣಿಗೂ ಬೀಳದೆ.

ಮೇಲೆ ಕಿಟಕಿ ತೆರೆದ ಸದ್ದು.
"ಏನು ಕಳಕೊಂಡ್ರಿ?"
"ಇಳಿದು ಬನ್ನಿ ಟೀಚರ್, ಮೇಲಿಂದ ಕಾಣಲ್ಲ."

ನೈಟಿಯ ಮೇಲೆ ಟವೆಲ್ ಹೊದ್ದು ಬಂದರು.
ಮೂವತ್ತೊಂದೂವರೆ ಇಂಚಿನಲ್ಲಿ ಇಬ್ಬರು ದಪ್ಪ ಹೆಂಗಸರು
ಪಕ್ಕಪಕ್ಕ ಹಿಡಿಸದೆ, ಒಬ್ಬರ ಹಿಂದೊಬ್ಬರು
ಮೆಟ್ಟಿಲ ಮೇಲೆ ಹೇನು ನೋಡಲು ಕೂತ ಹಾಗೆ ಕೂತೆವು.
ಎಲ್ಲೋ ಹಾಲು ಉಕ್ಕಿದ ವಾಸನೆ ಬಂತು.
ಯಾರ ಮನೆಯದೆಂದು
ಇಬ್ಬರೂ ಕೇಳಲಿಲ್ಲ.